ಎಂಬತ್ತು ಹೆಜ್ಜೆ

ಲ್ಯಾಪ್‌ಟಾಪಿನಲ್ಲಿ ಒಂದು ಸಾಲಿದೆ, ಅದಕ್ಕೆ ವಾದ್ಯವಿಲ್ಲ.
ಪ್ಯಾಡಿಗೊಂದು, ಕೀಬೋರ್ಡಿಗೊಂದು, ಹಾಲೇಶನ ಕೊಳಲಿಗೊಂದು,
ಎಲ್ಲದರ ಕೆಳಗೆ ಈ ಮೂಕ ಸಾಲು.
ಇದರಲ್ಲೂ ಸ್ವರ ಬರೆಯುತ್ತೇನೆ,
ಚೌಕ ಚೌಕ, ಅಕ್ಕಿ ಆರಿಸಿದ ಹಾಗೆ;
ಯಾರಿಗೂ ಕೇಳುವುದಿಲ್ಲ.
ಮೂವತ್ತಾರನೆಯ ಸ್ವರವೆಂದರೆ ಕೆಂಪು,
ಮೂವತ್ತೆಂಟು ನೀಲಿ,
ನಲವತ್ತೆರಡಕ್ಕೆ ಮಿಣ್ಣನೆ ಒಂದು ಬಿಳಿ, ಮೀನು ಹೊರಳಿದಷ್ಟು.
ತಂತಿ ಹಿಡಿದು ಅಂಗೈಯಗಲದ ಬೋರ್ಡಿಗೆ ಇಳಿದು
ಬಿದಿರಿಗೆ ಸುತ್ತಿದ ಪಟ್ಟಿಯಲ್ಲಿ ಹೊತ್ತಿಕೊಳ್ಳುತ್ತವೆ
ಮುನ್ನೂರು ದೀಪ.
ಬೆಸುಗೆ ಎಲ್ಲ ನನ್ನದೇ. ಎಡಗೈ ತೋರುಬೆರಳಲ್ಲಿ
ಸುಟ್ಟ ಕಲೆ ಎಣಿಸಿಕೊಳ್ಳಬಹುದು.

ಮಂಡಿಪೇಟೆಯಲ್ಲಿ ಸೀರಿಯಲ್ ಸೆಟ್ ಬಾಡಿಗೆಗೆ ಕೊಡುವ ನಮ್ಮ ಅಂಗಡಿಯಲ್ಲಿ
ಮೊದಲೆಲ್ಲ ಬೆಳಕು ತನ್ನಷ್ಟಕ್ಕೆ ಓಡುತ್ತಿತ್ತು;
ಮದುವೆಯೋ, ಉರುಸೋ, ಗಣಪತಿಯೋ, ಅದಕ್ಕೆ ಎಲ್ಲ ಒಂದೇ.
ಈಗ ಅದಕ್ಕೆ ಕಿವಿ ಬಂದಿದೆ ಎಂದು
ಅಬ್ಬಾ ಗಿರಾಕಿಗಳಿಗೆ ಹೇಳುತ್ತಾರೆ.
ಕಿವಿಯಲ್ಲ ಅಬ್ಬಾ, ಚೀಟಿ. ಮೊದಲೇ ಬರೆದುಕೊಟ್ಟ ಚೀಟಿ.

ಹೋದ ಸಲ ಹೈಸ್ಕೂಲ್ ಮೈದಾನದಲ್ಲಿ ಎಲ್ಲ ಸರಿಯಿತ್ತು.
ಕೊಟ್ರೇಶ ಪ್ಯಾಡಿಗೆ ಹೊಡೆದ, ಕೆಂಪು ಅಲ್ಲೇ ಸಿಡಿಯಿತು,
ಸೋಫಾದವರು ಮೊಬೈಲು ಎತ್ತಿದರು.
ರಾತ್ರಿ ಮನೆಯಲ್ಲಿ ಶಾಹಿದಾ ಖಾಲಾ,
ಮಂಡಕ್ಕಿ ಭಟ್ಟಿಯ ಹೊಟ್ಟಿನ ಹೊಗೆ ಇನ್ನೂ ದುಪಟ್ಟಾದಲ್ಲಿ,
ಚಹಾ ಸೋಸುತ್ತ ಅಂದಳು:
"ಚೆಂದಿತ್ತು. ಆದರೆ ನಿನ್ನ ದೀಪಕ್ಕೆ ಅವಸರ ಜಾಸ್ತಿ.
ಅದು ಬಂದು ಹೋದಮೇಲೆ ಡೋಲು ಬರುತ್ತೆ."

ಜಗಳ ಮಾಡಿದೆ. ಕೇಬಲ್ ಹೊಸದು,
ಮೂರು ಸಲ ಪರೀಕ್ಷೆ ಮಾಡಿದ್ದೇನೆ, ನಿನಗೇನು ಗೊತ್ತು ಅಂದೆ.
ಬಾಯಿ ಮುಚ್ಚಿದ ಮೇಲೆ ನೆನಪಾಯಿತು:
ಹರಿಹರದ ಹೊಳೆಯಾಚೆ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು,
ಬಟ್ಟೆ ಕಲ್ಲಿಗೆ ಬಿದ್ದಾಗ ಸದ್ದಿಲ್ಲ,
ಕೈ ಮತ್ತೆ ತಲೆಯ ಮೇಲೆ ಹೋದಾಗ ಥಪ್.
ಇನ್ನಾರೋ ಒಗೆಯುತ್ತಿದ್ದಾರೆಂದು ಎಂಟು ವರ್ಷದ ನಾನು
ದಂಡೆಯುದ್ದಕ್ಕೂ ಹುಡುಕಿದ್ದೆ.

ಮರುದಿನ ಖಾಲಿ ಮೈದಾನ ಅಳೆದೆ.
ವೇದಿಕೆಯಿಂದ, ಭಟ್ಟಿಯ ಹೆಂಗಸರು ನಿಂತಿದ್ದ ಬೇವಿನ ಮರದವರೆಗೆ
ಎಂಬತ್ತು ಹೆಜ್ಜೆ.
ಸದ್ದು ನಡೆದುಕೊಂಡು ಹೋಗುತ್ತದೆ ಪಾಪ,
ಬೆಳಕಿಗೆ ಕಾಲೇ ಇಲ್ಲ.

ಈ ಸಲ ಒಂದೇ ಒಂದು ಹಾಡಿಗೆ, ಕೊನೆಯದಕ್ಕೆ,
ತಡ ಎಂಬ ಸಣ್ಣ ಕಿಟಕಿಯಲ್ಲಿ ಸೊನ್ನೆ ಅಳಿಸಿ
ನೂರ ಎಪ್ಪತ್ತು ಬರೆದೆ. ಮಿಲಿಸೆಕೆಂಡು.
ಒಂದು ಎವೆ ಬಡಿತದಷ್ಟು.
ಸೋಫಾದ ಸಾಲು ಹುಬ್ಬು ಗಂಟಿಕ್ಕಿತು.
ಸಮಿತಿಯ ಅಂಜಿನಪ್ಪನವರು ಶಾಲು ಸರಿಮಾಡಿಕೊಳ್ಳುತ್ತ ಬಂದರು:
"ಏನಮ್ಮ ಮುಬೀನಾ, ಲೈಟು ತಡ ಆಗ್ತೈತಲ್ಲ?"
"ಹೌದು ಸಾರ್. ಹಿಂದಿನೋರ ಜೊತೆ ನಡ್ಕೊಂಡು ಬರ್ತೈತೆ."
ಅವರಿಗೆ ತಿಳಿಯಲಿಲ್ಲ. ಕೊಟ್ರೇಶನಿಗೆ ತಿಳಿದು ಕೋಪ ಬಂತು.
ತನ್ನ ಏಟಿಗೆ ತಾನೇ ಕಾಯಬೇಕಾಯಿತಂತೆ,
ಸತ್ತವನ ನಾಡಿ ಹಿಡಿದು ಕೂತ ಹಾಗಾಯಿತಂತೆ.

ಬೇವಿನ ಮರದ ಕಡೆ ನೋಡಿದೆ.
ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಬೇಕಲ್ಲ,
ಖಾಲಾ, ಅವಳ ಜೊತೆಯವರು, ಹತ್ತಕ್ಕೇ ಎದ್ದು ಹೋಗಿದ್ದರು.
ಇದ್ದವನು ಮಿರ್ಚಿ ಗಾಡಿಯವನೊಬ್ಬ.
ಜಾಲರಿ ಸೌಟಿನಿಂದ ಬಾಣಲೆಯ ಅಂಚಿಗೆ ತಾಳ ಹಾಕುತ್ತಿದ್ದ,
ಪ್ರತಿ ಕೆಂಪಿಗೂ ಸರಿಯಾಗಿ.
ಇಲ್ಲಾ, ಬರಿಯ ಎಣ್ಣೆ ಕೊಡವುತ್ತಿದ್ದನೋ.
ವೇದಿಕೆಯಿಂದ ಗೊತ್ತಾಗುವುದಿಲ್ಲ.

ದುಡ್ಡು ಅರ್ಧ ಬಂದಿದೆ. ಪಟ್ಟಿಯಲ್ಲಿ ಒಂಬತ್ತು ದೀಪ ಸತ್ತಿವೆ.
ಫೈಲಿನಲ್ಲಿ ನೂರ ಎಪ್ಪತ್ತು ಹಾಗೇ ಇದೆ.
ಮುಂದಿನ ಪ್ರೋಗ್ರಾಂ ಪಿ.ಜೆ. ಬಡಾವಣೆಯ ಒಂದು ಕಲ್ಯಾಣಮಂಟಪದಲ್ಲಿ;
ಅಲ್ಲಿ ಅಷ್ಟು ದೂರ ಯಾರೂ ಕೂರುವುದಿಲ್ಲ ಎನ್ನುತ್ತಾನೆ ಕೊಟ್ರೇಶ.
ನೋಡಬೇಕು.
ಅಡುಗೆಮನೆಯ ಬಾಗಿಲು ಎಷ್ಟು ಹೆಜ್ಜೆಗಿದೆಯೋ.